ಮುಳ್ಳವರ ಮಾತು

ಮಾತು ಹೊರಡುವ ಮೊದಲು ಅವರ ಗಂಟಲಮಣಿ ಮೇಲೇರುತ್ತಿತ್ತು. ಉದ್ದನೆಯ, ನರ ಎದ್ದ ಕೊರಳು. ಅಡಿಕೆಯಷ್ಟು ದಪ್ಪದ ಆ ಮಣಿ ಸರ್ರನೆ ಮೇಲೆ ಹೋಗಿ ದವಡೆಯ ಕೆಳಗೆ ನಿಂತುಬಿಡುವುದು. ಕೆಳಗಿಳಿದರೆ ಕನ್ನಡ ಬರುತ್ತದೆ, ಇಳಿಯದಿದ್ದರೆ ಮುಳ್ಳವರ ಮಾತು ಬರುತ್ತದೆ. ನಮ್ಮ ಹೆಡ್ ಮಾಸ್ತರರ ಎದುರು ನಿಂತು, ಇಳಿಯಲಿ ದೇವರೇ ಎಂದು ನಾನು ಎಷ್ಟು ಸಲ ಕಾದಿದ್ದೇನೋ ಲೆಕ್ಕವಿಲ್ಲ. ಈಗ ನೆನೆದರೂ ನನಗೆ ಸಿಟ್ಟು ಬರುತ್ತದೆ.

ನಾನು ಹುಬ್ಬಳ್ಳಿ ಕಡೆಯವಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನನ್ನ ಮೊದಲ ನೇಮಕ ಮುಂಡಗೋಡ ತಾಲೂಕಿನಲ್ಲಾಯಿತು. ಸನವಳ್ಳಿ ದಾಟಿ ಹೋದರೆ ಕಾಡಿನ ಅಂಚಿಗೆ ಒಂದು ಹಳ್ಳಿ, ಅಲ್ಲಿಯ ಶಾಲೆ. ಇದ್ದ ಶಿಕ್ಷಕರು ನಾವಿಬ್ಬರೇ. ಲಿಂಗಾಯತ ರೈತರ ಮಕ್ಕಳಿಗೆ ಮನೆಮಾತು ಕನ್ನಡ, ಗೌಳಿಗರ ಮಕ್ಕಳಿಗೆ ಮರಾಠಿಯಂಥ ಅವರದೊಂದು ಮಾತು, ಮುಸಲ್ಮಾನರ ಓಣಿಯ ಮಕ್ಕಳಿಗೆ ಉರ್ದು, ಸಿದ್ದಿ ಮಕ್ಕಳಿಗೆ ಅವರದೇ ಕೊಂಕಣಿ. ಪುಸ್ತಕ ಮಾತ್ರ ಎಲ್ಲರಿಗೂ ಕನ್ನಡದ್ದು, ಆ ಕನ್ನಡವನ್ನು ಕಲಿಸುವವಳು ನಾನು. ಇಷ್ಟು ಭಾಷೆಗಳ ನಡುವೆ ನಾನು ಏದುಸಿರು ಬಿಡುತ್ತಿರುವಾಗ ಆ ಪುಣ್ಯಾತ್ಮರು ಪ್ರತಿ ಶನಿವಾರ ಹೊಸ ಭಾಷೆಗಳನ್ನು ಹುಟ್ಟಿಸುತ್ತ ಕೂಡುತ್ತಿದ್ದರು.

ಶನಿವಾರದ ಬೆಳಗಿನ ಶಾಲೆಯಲ್ಲಿ ಕೊನೆಯ ತಾಸು ಅವರದು. ಮಕ್ಕಳೆಲ್ಲ ಮೈದಾನಕ್ಕೆ ಬರಬೇಕು. ಏಳು ಗುಡ್ಡಗಳ ಆಚೆ ಒಂದು ಕಾಡಿದೆ, ಅಲ್ಲಿ ಮನುಷ್ಯರಿಲ್ಲ, ಮೂರು ಕುಲದ ಜೀವಿಗಳಿವೆ ಎಂದು ಅವರು ಕಥೆ ಕಟ್ಟಿದ್ದರು. ಬೆನ್ನ ತುಂಬ ಮುಳ್ಳಿರುವ ಮುಳ್ಳವರು, ಕೆರೆಯ ತಳದಲ್ಲಿ ಬದುಕುವ ಕೆಸರವರು, ಮರ ಬಿಟ್ಟು ಕೆಳಗಿಳಿಯದ ಗರಿಯವರು. ಯಾವ ಮಗು ಯಾವ ಕುಲ ಎಂಬುದನ್ನು ಚೀಟಿ ಎತ್ತಿ ನಿಶ್ಚಯಿಸಿದ್ದರು. ರೈತನ ಮಗನೂ ಗೌಳಿಗರ ಹುಡುಗನೂ ಒಂದೇ ಕುಲದವರಾಗುತ್ತಿದ್ದರು. ಮುಳ್ಳವರು ನಾಲಿಗೆಯನ್ನು ಅಂಗುಳಕ್ಕೆ ಬಡಿದು ಟಕಟಕ ಮಾತಾಡಬೇಕು. ಕೆಸರವರು ಬಾಯಿ ಮುಚ್ಚಿ ಮೂಗಿನಲ್ಲೇ ಆಡಬೇಕು. ಗರಿಯವರದು ಎಲ್ಲ ಸಿಳ್ಳೆ. ಬರೀ ಸದ್ದಲ್ಲ, ಪದಗಳಿದ್ದವು. ಮುಳ್ಳವರಲ್ಲಿ ನೀರಿಗೆ ಟಿಕ್ಕುರ ಎನ್ನುತ್ತಿದ್ದರು. ಸೋಮವಾರ ನನ್ನ ತರಗತಿಯಲ್ಲಿ ಬಾಯಾರಿದ ಹುಡುಗ ಎದ್ದು, "ಅಕ್ಕೋರ, ಟಿಕ್ಕುರ ಕುಡ್ದು ಬರ್ಲಿ?" ಎಂದು ಕೇಳುತ್ತಿದ್ದ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಆಟದಲ್ಲಿ ಅವರು ಎರಡು ಕಟ್ಟಳೆ ಮಾಡಿದ್ದರು. ಒಂದು, ಗಂಟೆ ಬಾರಿಸುವ ತನಕ ಯಾರೂ ಮನುಷ್ಯರ ಮಾತು ಆಡಕೂಡದು. ಇನ್ನೊಂದು, ಹೊಸ ಪದ ಹುಟ್ಟಿಸಲು ಕೂತಾಗ ಯಾರ ಮನೆಯಲ್ಲೂ ಇರುವ ಪದ ಬರಕೂಡದು. ಅದಕ್ಕೆಂದೇ ಆಟ ಶುರುವಾಗುವ ಮೊದಲು ಒಂದು ಪಂಚಾಯ್ತಿ ನಡೆಯುತ್ತಿತ್ತು. ಒಬ್ಬರು ಪದ ಹೇಳುವುದು, ಉಳಿದವರು ತೂಗಿ ನೋಡುವುದು. ಒಂದು ಮಗು ಕೈ ಎತ್ತಿ, "ಇದು ನಮ್ಮನ್ಯಾಗ ಐತ್ರೀ ಸರ" ಎಂದರೆ ಮುಗಿಯಿತು, ಆ ಪದ ಕಸದ ಬುಟ್ಟಿಗೆ. ತಾಯಿಗೆ ಮುಳ್ಳವರು ಏನೆನ್ನಬೇಕು ಎಂಬುದಕ್ಕೇ ಒಂದು ತಿಂಗಳ ಶನಿವಾರಗಳು ಹೋದವು. ಯಾರು ಏನು ಹೇಳಿದರೂ ಯಾರದೋ ಮನೆಯ ಅವ್ವನೋ ಆಯಿಯೋ ಅಮ್ಮಿಯೋ ಎದ್ದು ಬರುತ್ತಿದ್ದಳು. ಕೊನೆಗೆ ಒಬ್ಬ ಡುಕ್ರು ಎಂದ. ಗೌಳಿಗರ ಮಕ್ಕಳು ಬಿದ್ದು ಬಿದ್ದು ನಕ್ಕರು, ಅವರ ಮನೆಯಲ್ಲಿ ಅದಕ್ಕೆ ಹಂದಿ ಎಂದು ಅರ್ಥ. ಹೆಡ್ ಮಾಸ್ತರರೂ ಕಣ್ಣಲ್ಲಿ ನೀರು ಬರುವಂತೆ ನಕ್ಕು, "ಇರ್ಲಿ ಇರ್ಲಿ, ಮುಂದಿನ ವಾರ ನೋಡೂಣು" ಎಂದರು. ಆ ತಿಂಗಳು ನಾನು ವಿಭಕ್ತಿ ಪ್ರತ್ಯಯ ಮುಗಿಸಬೇಕಿತ್ತು.

ನಾನು ಜಗಳ ತೆಗೆಯುತ್ತಿದ್ದೆ. "ಸರ, ಏಳನೇತ್ತಾ ಪರೀಕ್ಷಾ ತಲಿ ಮ್ಯಾಲ ಬಂದೈತಿ. ಈ ಹುಡುಗ್ರಿಗೆ ಇರೋ ಭಾಷಾನ ಬರವಲ್ದು, ನೀವು ಇಲ್ಲದ್ದು ಕಲಸ್ತೀರಿ. ಯಾಕಂತ ಹೇಳ್ರಿ, ನಾ ಸುಮ್ನಾಗ್ತೇನಿ."

ಅವರು ಜೇಬಿನಿಂದ ಹುರಿದ ಶೇಂಗಾ ತೆಗೆದು ನನ್ನ ಮುಂದೆ ಇಡುವರು. "ಆಟ ರೀ ಅಕ್ಕೋರ. ಶೇಂಗಾ ತಗೋರಿ."

ಮೂರು ವರ್ಷ ನನಗೆ ಸಿಕ್ಕ ಉತ್ತರ ಇಷ್ಟೇ. ಬೇರೆ ಎಲ್ಲದಕ್ಕೂ ಅವರ ಹತ್ತಿರ ಮಾತಿತ್ತು. ಹೆಂಚು ಸೋರಿದರೆ ತಾವೇ ಏಣಿ ಹತ್ತಿ, ಕೆಳಗೆ ನಿಂತ ನನಗೆ ಹೆಂಚಿನ ಪುರಾಣ ಹೇಳುವರು. ಮಕ್ಕಳಿಗೆ ಒಂದು ದಿನ ಕೈ ಎತ್ತಿದವರಲ್ಲ. ಸಿಟ್ಟು ಬಂದರೆ ಹೊರಗೆ ಹೋಗಿ ತಮ್ಮ ಸೈಕಲ್ಲಿಗೆ ಬಯ್ದು ಬರುವರು. ಹೆಂಡತಿ ಜೋಯಿಡಾ ಕಡೆಯ ರಾಮನಗರದಲ್ಲಿ, ಇವರು ಶಾಲೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ, ತಿಂಗಳಿಗೊಮ್ಮೆ ಊರಿಗೆ. ಯಾವ ಕಡೆಯವರೆಂದು ಕೇಳಿದರೆ "ಹಳಿಯಾಳದ ಆಚೆ ರೀ" ಎಂದು ಕೈ ಬೀಸುವರು. ಆಚೆ ಎಂದರೆ ಎಲ್ಲಿ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಆ ಶಾಲೆಯಲ್ಲಿ ರೋಜಾ ಎಂಬ ಸಿದ್ದಿ ಹುಡುಗಿ ಇದ್ದಳು. ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂಡುವವಳು. ಬರೆದರೆ ಅಕ್ಷರ ಮುತ್ತಿನಂತೆ, ಮಾತು ಮಾತ್ರ ಇಲ್ಲ. ಒಂದನೇ ತರಗತಿಯಲ್ಲಿ ಕೊಂಕಣಿ ಬೆರೆಸಿ ಏನೋ ಹೇಳಿದಳಂತೆ, ಇಡೀ ತರಗತಿ ನಕ್ಕು ಅವಳ ಮಾತನ್ನೇ ವಾರಗಟ್ಟಲೆ ಅಣಕಿಸಿತಂತೆ. ಅಂದು ಮುಚ್ಚಿದ ಬಾಯಿ. ಹಾಜರಿಗೂ ಕೈ ಎತ್ತುವಳೇ ಹೊರತು ಉಸಿರು ಬಿಡುತ್ತಿರಲಿಲ್ಲ. ನಾನು ಮುದ್ದು ಮಾಡಿದೆ, ಗದರಿದೆ, ಪೆಪ್ಪರಮೆಂಟು ಕೊಟ್ಟೆ. ಪೆಪ್ಪರಮೆಂಟು ತಿಂದು ಸುಮ್ಮನೆ ಕೂತಳು.

ಅವಳು ಏಳನೆಯ ತರಗತಿಗೆ ಬಂದ ವರ್ಷ ಅವಳ ಅಪ್ಪ ಶಾಲೆಗೆ ಬಂದ. "ಸಾಲ್ಯಾಗ ಮೂಕಿಯಂಗ ಕುಂದ್ರಾಕ ಯಾಕ ಕಳಸ್ಲಿ ರೀ? ಮನ್ಯಾಗ ಸಣ್ಣ ಕೂಸು ಐತಿ, ನೋಡ್ಕೊಂತಾಳ. ಈ ವರ್ಷ ಬಾಯಿ ಬಿಟ್ಲು ಅಂದ್ರ ಮುಂದ ಓದ್ಲಿ, ಇಲ್ಲಾಂದ್ರ ಸಾಕು." ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಹೆಡ್ ಮಾಸ್ತರರು "ಬಿಡ್ತಾಳ ಬಿಡ್ರಿ" ಎಂದು ಅವನಿಗೂ ಶೇಂಗಾ ಕೊಟ್ಟು ಕಳಿಸಿದರು. ಹುಡುಗಿಯ ಓದು ನಿಲ್ಲುವ ಹೊತ್ತಿನಲ್ಲಿ ಶೇಂಗಾ ತಿನ್ನಿಸುತ್ತಾರಲ್ಲ ಎಂದು ನನ್ನ ಮೈ ಉರಿಯಿತು.

ಆ ಮಳೆಗಾಲ ಮುಗಿದ ಒಂದು ಶನಿವಾರ ಆಟದಲ್ಲಿ ನೀರಿನ ವ್ಯಾಜ್ಯ ಹಾಕಿದ್ದರು. ಕೆಸರವರು ಕೆರೆ ಕಲಕಿದ್ದಾರೆ, ಮುಳ್ಳವರ ಪರವಾಗಿ ಯಾರಾದರೂ ದೂರು ಹೇಳಬೇಕು. ಹೆಡ್ ಮಾಸ್ತರರು ಅಂದು ಕೆಸರವರ ಹಿರಿಯ, ಮುಖಕ್ಕೆಲ್ಲ ಕೆಸರು ಬಳಿದುಕೊಂಡು ಕೂತಿದ್ದರು. ನಾನು ವರಾಂಡದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಟಕಟಕ ಎಂಬ ಸದ್ದು ಕೇಳಿ ತಲೆ ಎತ್ತಿದರೆ ಕಟ್ಟೆಯ ಮೇಲೆ ರೋಜಾ ನಿಂತಿದ್ದಾಳೆ.

ಮೊದಲು ಒಂದೊಂದೇ ಪದ. ಆಮೇಲೆ ಸಾಲು. ಆಮೇಲೆ ಕೈ ಬೀಸಿ, ಕಾಲು ನೆಲಕ್ಕೆ ಕುಟ್ಟಿ, ಕೆಸರವರನ್ನು ಒಬ್ಬೊಬ್ಬರನ್ನಾಗಿ ತೋರಿಸಿ ನೀರಿಳಿಸುತ್ತಿದ್ದಳು. ಯಾರೂ ನಗಲಿಲ್ಲ. ಕನ್ನಡದ ಮಕ್ಕಳೆಲ್ಲ ಅರ್ಥ ಹಿಡಿಯಲು ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದರು. ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ಕೈಯಲ್ಲೇ ಉಳಿಯಿತು.

ಸರಿಯಾಗಿ ಆಗಲೇ ಜೀಪು ಬಂತು. ತಪಾಸಣೆಯ ಸಾಹೇಬರು, ಹೇಳದೆ ಕೇಳದೆ. ಇಳಿದವರೇ "ಹೆಡ್ ಮಾಸ್ತರ್ ಎಲ್ಲಿ?" ಎಂದರು. ಕೆಸರು ಮೆತ್ತಿದ ಒಬ್ಬ ಮನುಷ್ಯ ಎದ್ದು, ಗಂಟಲಮಣಿ ಮೇಲೇರಿಸಿ, ಬಾಯಿ ಮುಚ್ಚಿ ಮೂಗಿನಲ್ಲಿ "ಮ್ಹೂಂ" ಎಂದ. ಓಡಿಹೋಗಿ ಕಿವಿಯಲ್ಲಿ, "ಸರ, ಸಾಹೇಬ್ರು ಬಂದಾರ, ಕೈ ಮುಗೀತೇನಿ, ಮಾತಾಡ್ರಿ" ಎಂದೆ. ಗಂಟೆ ಬಾರಿಸೋಣವೆಂದರೆ ಬಾರಿಸುವ ಸರಳು ಅವರ ಜೇಬಿನಲ್ಲೇ ಇತ್ತು. ಅವರು ನನ್ನತ್ತ ನೋಡಲೂ ಇಲ್ಲ. ಸಾಹೇಬರಿಗೆ ಅಂಗೈ ತೋರಿಸಿ, ನಿಲ್ಲಿ ಎಂದು ಸನ್ನೆ ಮಾಡಿ, ಮತ್ತೆ ರೋಜಾಳ ಕಡೆಗೆ ತಿರುಗಿದರು.

ಅವಳು ಮುಗಿಸುವ ತನಕ ಸರಕಾರದ ಸಾಹೇಬರು ಬಿಸಿಲಲ್ಲಿ ನಿಂತರು. ಮುಗಿದ ಮೇಲೆ ಹೆಡ್ ಮಾಸ್ತರರು ಗಂಟೆ ಬಾರಿಸಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, "ನಮಸ್ಕಾರ ರೀ ಸಾಹೇಬ್ರ, ಚಹಾ ತಗೋತೀರೇನು?" ಎಂದರು.

"ಇದು ಯಾವ ಭಾಷೆ?"

"ಆಟ ರೀ ಸಾಹೇಬ್ರ."

ಸಾಹೇಬರು ರೋಜಾಳತ್ತ ತಿರುಗಿ ಕನ್ನಡದಲ್ಲಿ ಹೆಸರು ಕೇಳಿದರು. ಅವಳು ನೆಲ ನೋಡಿದಳು. ಇನ್ನೊಮ್ಮೆ ಕೇಳಿದರು. ಅವಳು ಕಟ್ಟೆಯಿಂದ ಇಳಿದು ಹಿಂದೆ ಸರಿದಳು. ಆ ಹೊತ್ತಿಗೆ ಹೆಡ್ ಮಾಸ್ತರರ ಒಂದೇ ಒಂದು ವಾಕ್ಯ ಸಾಕಿತ್ತು. ಈ ಹುಡುಗಿ ಆರು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ, ಇಂದು ಬಿಟ್ಟಳು, ಅದಕ್ಕೇ ನಿಲ್ಲಿಸಲಿಲ್ಲ. ಇಷ್ಟು ಹೇಳಿದ್ದರೆ ಸಾಹೇಬರು ಬೆನ್ನು ತಟ್ಟಿ ಹೋಗುತ್ತಿದ್ದರೋ ಏನೋ. ಈ ಮನುಷ್ಯ ಹೇಳಲಿಲ್ಲ. ತಿಂಗಳೊಳಗೆ ಜೋಯಿಡಾದ ಕಾಡಿನೊಳಗಿನ ಶಾಲೆಗೆ ವರ್ಗವಾಯಿತು.

ಮುಂಡಗೋಡದ ಬಸ್ ನಿಲ್ದಾಣಕ್ಕೆ ಬಿಡಲು ಹೋದಾಗ ನಾನು ತಡೆಯಲಾರದೆ ಕೇಳಿದೆ. "ಸಾಹೇಬ್ರಿಗೆ ಒಂದ ಮಾತು ಹೇಳಿದ್ರ ಏನ್ ಹೋಗ್ತಿತ್ರಿ ನಿಮ್ದು?"

"ಆ ಹುಡುಗಿ ಅಲ್ಲೇ ನಿಂತಿತ್ತಲ್ಲ ರೀ. ಅದರ ಮುಂದ ಹೆಂಗ ಹೇಳ್ಲಿ?"

"ಈಗ ಆಟನ ಹೋತಲ್ಲ."

"ನೀವು ಅದೀರಲ್ಲ" ಎಂದು ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದರು. ನನಗೆ ಬರುತ್ತದೆಯೋ, ಬೇಕೋ ಬೇಡವೋ, ಒಂದನ್ನೂ ಕೇಳದೆ ನನ್ನ ತಲೆಗೆ ಕಟ್ಟಿ ಹೋದರು.

ಮರುವಾರದಿಂದ ರೋಜಾ ಬರಲಿಲ್ಲ. ಒಂದು ಸಂಜೆ ಅವರ ಮನೆಗೆ ಹೋದೆ. ಅವಳ ತಾಯಿ ಮಣೆ ಹಾಕಿ ನೀರು ಕೊಟ್ಟಳು. ರೋಜಾ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲ ಹಿಂದೆ ನಿಂತಿದ್ದಳು. ಕನ್ನಡದಲ್ಲಿ ಏನೇನು ಹೇಳಬಹುದೋ ಎಲ್ಲ ಹೇಳಿದೆ. ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ನೋಡ್ರಿ, ಹಿಂಗ ಇರ್ತಾಳ" ಎಂದ ಅವಳ ಅಪ್ಪ.

ಎದ್ದು ಬರಬೇಕಿತ್ತು. ಆದರೆ ಆ ಮಾಸ್ತರರ ಮೇಲಿನ ಸಿಟ್ಟು ನೆತ್ತಿಗೇರಿತ್ತು. ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಮೂರು ವರ್ಷ ದೂರದಿಂದ ಕೇಳಿದ್ದನ್ನು ನೆನಪಿಗೆ ತಂದುಕೊಂಡು ನಾಲಿಗೆ ಬಡಿಯತೊಡಗಿದೆ. ಟಕಟಕ ಬರಲಿಲ್ಲ, ಉಗುಳು ಬಂತು. ಅವಳ ಅಪ್ಪ ಅವ್ವ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಕೂತಿತು. ನೀರು ಕೊಡು, ಶಾಲೆಗೆ ಬಾ ಎಂದು ನಾನು ಹೇಳುತ್ತಿದ್ದೆ, ಅಥವಾ ಹಾಗೆಂದುಕೊಂಡಿದ್ದೆ. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಮತ್ತೆ ಶುರು ಮಾಡಿದೆ. ಜೀವಮಾನದಲ್ಲಿ ಅಷ್ಟು ನಾಚಿಕೆಯಾದದ್ದಿಲ್ಲ.

"ಹಂಗಲ್ರೀ ಅಕ್ಕೋರ" ಎಂದಳು ರೋಜಾ. ಕನ್ನಡದಲ್ಲಿ ಎಂದಳು. "ನಾಲಿಗಿ ಮ್ಯಾಲ ಹಚ್ಚಬೇಕ್ರಿ. ನೀವು ಹಲ್ಲಿಗೆ ಹಚ್ಚಾಕತ್ತೀರಿ."

ಅವಳ ಅಪ್ಪ ಮಗಳನ್ನೇ ನೋಡುತ್ತ ನಿಂತ. ನಾನು ಕಣ್ಣೀರು ಒರೆಸಿಕೊಳ್ಳಲಿಲ್ಲ, ಬೆವರೆಂದೇ ತಿಳಿಯಲಿ ಎಂದು ಬಿಟ್ಟೆ. ಸೋಮವಾರ ಅವಳು ಶಾಲೆಗೆ ಬಂದಳು. ಶನಿವಾರ ಆಟ ನಡೆಸಿದೆ, ಏನು ಮಾಡಲಿ. ಮುಳ್ಳವರಲ್ಲಿ ಎಲ್ಲರಿಗಿಂತ ದಡ್ಡಿ ನಾನು. ನನ್ನನ್ನು ತಿದ್ದುವುದೇ ಅವಳ ಕೆಲಸವಾಯಿತು, ತಿದ್ದುತ್ತ ತಿದ್ದುತ್ತ ಅವಳ ಕನ್ನಡ ನನ್ನ ಕನ್ನಡಕ್ಕಿಂತ ಚುರುಕಾಯಿತು. ಏಳನೆಯದು ಪಾಸಾದಳು, ಅಪ್ಪ ಮುಂದಕ್ಕೂ ಕಳಿಸಿದ.

ಬೇಸಿಗೆ ರಜೆಯಲ್ಲಿ ಅವಳನ್ನು ಕರೆದುಕೊಂಡು ಹೋಗಿ ಆ ಮನುಷ್ಯನ ಎದುರು ನಿಲ್ಲಿಸಿ ಮಾತಾಡಿಸಬೇಕು, ಆಮೇಲೆ ನಾನು ಬಾಯಿ ತುಂಬ ಬಯ್ಯಬೇಕು ಎಂದುಕೊಂಡಿದ್ದೆ. ಹೊರಡುವ ಮುಂಚೆಯೇ ಸುದ್ದಿ ಬಂತು. ಜ್ವರ ಬಂದು ರಾಮನಗರದ ಮನೆಗೆ ಹೋದವರು ಏಳಲೇ ಇಲ್ಲವಂತೆ. ಸುದ್ದಿ ಮುಟ್ಟುವ ಹೊತ್ತಿಗೆ ದಿನಕರ್ಮಗಳೆಲ್ಲ ಮುಗಿದಿದ್ದವು. ಆದರೂ ಹೋದೆವು, ಹಳಿಯಾಳದಲ್ಲಿ ಬಸ್ಸು ಬದಲಿಸಿ.

ಅವರ ಹೆಂಡತಿ ಚಿಕ್ಕ ಮೈಕಟ್ಟಿನ ಹೆಂಗಸು. ನಮ್ಮನ್ನು ಕೂರಿಸಿ ಒಳಗಿದ್ದ ಯಾರಿಗೋ ಚಹಾ ತರಲು ಹೇಳಿದರು. ಹೇಳಿದ್ದು ಕೊಂಕಣಿಯಲ್ಲಿ. ರೋಜಾ ತಲೆ ಎತ್ತಿದಳು. ಅದು ಅವಳ ಮನೆಯ ಮಾತೇ, ಪೂರಾ ಅದೇ ಅಲ್ಲದಿದ್ದರೂ ತಿಳಿಯುವಷ್ಟು ಹತ್ತಿರ. ಅವಳು ಏನೋ ಕೇಳಿದಳು, ಅವರು ಉತ್ತರಿಸಿದರು, ಇಬ್ಬರೂ ಹತ್ತಿರ ಸರಿದು ಕೂತರು.

"ಬಾಯಾರ, ಸರ್ ಮನೀ ಮಾತು ಕೊಂಕಣಿ ಏನ್ರಿ?" ಎಂದೆ.

"ಹೌದಲ್ಲ. ಇನ್ನ ಯಾವುದು?"

"ಹಂಗಾದ್ರ ಈ ಹುಡುಗಿ ಜೋಡಿ ಯಾಕ ಒಂದ ದಿನಾನೂ ಕೊಂಕಣಿ ಆಡಲಿಲ್ರಿ? ಮೊದಲನೇ ದಿನಾನ ಬಾಯಿ ಬಿಡ್ತಿದ್ಲಲ್ಲ."

ಅವರು ಪದ ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದರು. "ಈ ಹುಡುಗಿದು ಸುದ್ದಿ ಅವ್ರು ಇಲ್ಲಿ ಬಂದಾಗೆಲ್ಲ ಹೇಳ್ತಿದ್ರು. ನಾನೂ ಅದೇ ಕೇಳ್ದೆ. ಅವ್ರು ಅಂದ್ರು, ನಾ ಕೊಂಕಣಿ ಮಾತಾಡಿದ್ರೆ ಅದು ನನ್ನ ಸಂಗಾತ ಅಷ್ಟೇ ಮಾತಾಡ್ತದೆ. ನಾ ಹೋದ ಮೇಲೆ ಯಾರ ಸಂಗಾತ ಮಾತಾಡ್ಬೇಕು ಅಂತ."

ಇದನ್ನು ಅವರು ಹೆಂಡತಿಗೆ ಹೇಳಿದ್ದರು. ನನಗೆ ಶೇಂಗಾ ಕೊಟ್ಟಿದ್ದರು.

ಅವರಿಬ್ಬರೂ ಮತ್ತೆ ಕೊಂಕಣಿಗೆ ಹೊರಳಿದರು. ನಡುನಡುವೆ ಮಾಸ್ತರರ ಹೆಸರು ಬರುತ್ತಿತ್ತು, ಒಮ್ಮೆ ಇಬ್ಬರೂ ಅತ್ತರು, ಒಮ್ಮೆ ನಕ್ಕರು. ನನಗೆ ಒಂದಕ್ಷರ ತಿಳಿಯಲಿಲ್ಲ, ಯಾರೂ ತಿಳಿಸಿ ಹೇಳಲಿಲ್ಲ. ಸಂಜೆಯ ಬಸ್ಸಿನ ತನಕ ಗೋಡೆಗೆ ಒರಗಿ, ಬಾಯಿ ಮುಚ್ಚಿಕೊಂಡು, ಕೊಟ್ಟದ್ದನ್ನು ತಿನ್ನುತ್ತ ಕೂತೆ.