ಮೂರೂವರೆ ಗಂಟೆಯ ಬೊಂಬಾಯಿ

ನಾದಿನಿಗೆ ಚೊಚ್ಚಲ ಹೆರಿಗೆ. ತವರಿಗೆ, ಅಂದರೆ ನಮ್ಮ ಪಿರಿಯಾಪಟ್ಟಣಕ್ಕೆ ಬರಬೇಕಾದವಳು ಬೊಂಬಾಯಿಯಲ್ಲೇ ಮಲಗಿಬಿಟ್ಟಿದ್ದಳು. ಓಡಾಡಿದರೆ ಮಗುವಿಗೆ ಅಪಾಯ ಎಂದಿದ್ದರಂತೆ ಡಾಕ್ಟರು. 'ಅವ್ವ ಪಕ್ಕದಲ್ಲಿರಬೇಕು' ಎಂದು ಒಂದೇ ಕಾಗದದಲ್ಲಿ ಮೂರು ಸಲ ಬರೆದಿದ್ದಳು.

ಅತ್ತೆ ಹೋಗುವುದಾದರೂ ಹೇಗೆ? ಮಿಂದು, ಮಡಿಯುಟ್ಟು, ಇಷ್ಟಲಿಂಗದ ಪೂಜೆ ಮುಗಿಸದೆ ಹನಿ ನೀರನ್ನೂ ಬಾಯಿಗೆ ಬಿಡದ ಜೀವ ಅದು. ರೈಲಿನಲ್ಲಾದರೆ ಎರಡು ರಾತ್ರಿಯ ದಾರಿ. ಹಿಂದೊಮ್ಮೆ ಯಾತ್ರೆಗೆ ಹೋದಾಗ ರೈಲಿನಲ್ಲಿ ಉಪವಾಸವಿದ್ದು, ಕಣ್ಣು ಕತ್ತಲಿಟ್ಟು ಬಿದ್ದಿದ್ದರು.

"ಇನ್ನೊಂದ್ಸಲ ಅಂಗಾದ್ರೆ ಉಳಿಯಾಕಿಲ್ಲ. ಓಗೋದು ಬ್ಯಾಡ ಬುಡು" ಎಂದು ಮಾವ ಎದ್ದುಹೋದರು.

ನನಗೆ ರೇಗಿತು. ಹೆರುವವಳ ಸಂಕಟ ಗಂಡಸರಿಗೇನು ಗೊತ್ತು! ಬೆಂಗಳೂರಿನಲ್ಲಿದ್ದ ನಮ್ಮಣ್ಣನಿಗೆ ಅವತ್ತೇ ಬರೆದು ವಿಮಾನದ ವಿಷಯ ಕೇಳಿದೆ. ಬೆಂಗಳೂರಿನಿಂದ ಬೊಂಬಾಯಿಗೆ ಮೂರೂವರೆ ಗಂಟೆ ಎಂದು ಉತ್ತರ ಬಂತು. ಮಾವನ ಮುಂದೆ ಓದಿದೆ.

"ಯಾರ ಕಿವಿಗೆ ಹೂವ ಇಡ್ತೀಯವ್ವ? ನಮ್ ಬಸ್ಸು ಹುಣಸೂರು ದಾಟಿ ಮೈಸೂರು ಮುಟ್ಟಾಕೇ ಅಷ್ಟೊತ್ತು ಬೇಕು ಕಣವ್ವ!"

"ಬಸ್ಸು ಊರೂರಿಗೂ ನಿಲ್ತದೆ ಮಾವ. ಅದು ಎಲ್ಲೂ ನಿಲ್ಲಾಕಿಲ್ಲ. ಬೆಳಿಗ್ಗೆ ಏಳಕ್ಕೆ ಹತ್ತಿದ್ರೆ ಹತ್ತೂವರೆಗೆ ಬೊಂಬಾಯಿ. ಅತ್ತೆ ಅಲ್ಲೇ ಮಿಂದು ಪೂಜೆ ಮಾಡ್ತಾರೆ."

"ಮ್ಯಾಲೇನಾರ ಆದ್ರೆ?"

"ಜೊತೆಗೆ ನಾನಿರ್ತೀನಲ್ಲ. ಬಿದ್ರೆ ಇಬ್ರೂ ಬೀಳ್ತೀವಿ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ ಆಗ ಬಾಯಿ ಬಿಟ್ಟರು: "ಟಿಕೀಟು ತರ್ಸು ಮಗಾ." ಆ ಸಂಜೆಯೇ ಅಣ್ಣನಿಗೆ ಮತ್ತೆ ಬರೆದೆ.

ಬೆಂಗಳೂರಿನಲ್ಲಿ ನಸುಕಿಗೇ ಹೊರಟಿದ್ದರಿಂದ ಅತ್ತೆಗೆ ಮಿಂದು ಪೂಜೆಗೆ ಕೂರಲು ಹೊತ್ತು ಸಿಗಲಿಲ್ಲ. ವಿಮಾನ ನಿಲ್ದಾಣದಲ್ಲಿ ಸಾಮಾನಿನ ಜೊತೆ ನಮ್ಮನ್ನೂ ತೂಕಕ್ಕೆ ನಿಲ್ಲಿಸಿದರು. "ನಾನೇನು ಹೊಗೆಸೊಪ್ಪಿನ ಮೂಟೆಯಾ?" ಎಂದು ಅತ್ತೆ ಸಿಡುಕಿದರು. ಮೇಲೇರಿದ ಮೇಲೆ ಒಂದು ಕೈಯಲ್ಲಿ ಎದೆಯ ಮೇಲಿನ ಲಿಂಗದ ಕರಡಿಗೆ, ಇನ್ನೊಂದರಲ್ಲಿ ನನ್ನ ಕೈ. ಕಾಫಿ ಬಂದರೆ ತಲೆಯಾಡಿಸಿದರು. ಅವರು ಕುಡಿಯದ್ದನ್ನು ನಾನೂ ಕುಡಿಯಲಿಲ್ಲ.

ಹತ್ತೂವರೆಗೆ ಸರಿಯಾಗಿ ಇಳಿದೆವು. ನಾನು ಗೆದ್ದೆ ಅಂದುಕೊಂಡೆ. ಎದುರಿಗೆ ಬಂದ ಅಳಿಯಂದಿರ ಮುಖ ಬಿಳುಚಿಕೊಂಡಿತ್ತು. ಬೆಳಗಿನ ಜಾವವೇ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದರಂತೆ.

"ಮನೇಲಿ ಎರಡು ಚೊಂಬು ನೀರು ಹುಯ್ಕೊಂಡು, ಪೂಜೆ ಮುಗಿಸಿ ಹೋಗೋಣ ಅತ್ತೆ" ಅಂದೆ.

"ಮೊದ್ಲು ಮಗಳತ್ರ ನಡಿ."

ದಾದಿಯ ಹತ್ತಿರ ಕಾಡಿ ಬೇಡಿ ಒಳಗೆ ಹೋದೆವು. ನಾದಿನಿ ಅವ್ವನ ಕೈ ಹಿಡಿದವಳು ಬಿಡಲೇ ಇಲ್ಲ. ಹನ್ನೆರಡಾಯಿತು, ಎರಡಾಯಿತು. ತುಟಿ ಒಣಗಿ ಒಡೆದಿದ್ದರೂ ಹುಡುಗಿ ನೀರಿನ ಲೋಟ ದೂಡಿದಳು. ಅವ್ವನ ವ್ರತ ಅವಳಿಗೆ ಗೊತ್ತಿಲ್ಲವೇ?

"ನೀನು ಕುಡೀದೆ ನಾನೂ ಕುಡಿಯಾಕಿಲ್ಲ ಅವ್ವ."

ಅತ್ತೆ ನನ್ನ ಮುಖ ನೋಡಿದರು. ನನಗೆ ಅಳು ಬಂತು. ಅತ್ತೆ ಲೋಟ ಎತ್ತಿ ಅರ್ಧ ಗಟಗಟ ಕುಡಿದು, ಉಳಿದರ್ಧ ಮಗಳ ಬಾಯಿಗೆ ಹಿಡಿದರು. ನಾಲ್ಕು ಗಂಟೆಗೆ ಹೆಣ್ಣು ಮಗು ಹುಟ್ಟಿತು.

ಎರಡು ತಿಂಗಳ ಮೇಲೆ ಊರಿಗೆ ಮರಳಿದಾಗ ಮಾವ ಜಗುಲಿಯಲ್ಲೇ ತಡೆದು ಕೇಳಿದರು: "ಎಷ್ಟೊತ್ತಾತು?"

"ಮೂರೂವರೆ ಗಂಟೆ" ಅಂದೆ ಗತ್ತಿನಿಂದ.

"ಪೂಜೆ ಆದ್ಮ್ಯಾಕೆ ತಾನೆ ಇವ್ಳು ನೀರು ಕುಡಿದಿದ್ದು?"

ನಾನು ಅತ್ತೆಯತ್ತ ತಿರುಗಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಅವರನ್ನೇ ನೆಟ್ಟಗೆ ನೋಡಿದರು.

"ನಿಮ್ ಮಗಳು ಕುಡಿ ಅಂದ್ಲು. ಕುಡಿದೆ."