ತವರು ಮರೆತ ಹೆಪ್ಪು

ಕಮಲಾಪುರದ ದುಂಡಮ್ಮನ ಮೊಸರೆಂದರೆ ಸಂತೆಯಲ್ಲಿ ಗಡಿಗೆ ಇಳಿಸುವಷ್ಟರಲ್ಲಿ ಖಾಲಿ. ಅತ್ತೆ ಕೊಟ್ಟ ಹೆಪ್ಪನ್ನು ಒಂದು ದಿನವೂ ತಪ್ಪಗೊಡದೆ ಸಾಕಿಕೊಂಡು ಬಂದ ಹೆಂಗಸು ಆಕೆ. ಮಗಳು ರಾಜೇಶ್ರೀ ಗಂಡನ ಜೊತೆ ಕಲಬುರಗಿಯ ಶಹಾಬಜಾರದಲ್ಲಿದ್ದಳು, ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದು ಉಳಿದ ಕಾಕಂಬಿಯನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸಿ ಅಲ್ಲಿ ಲ್ಯಾಕ್ಟಿಕ್ ಆಮ್ಲ ಮಾಡುತ್ತಿದ್ದರು. ಆ ಬಡಪಾಯಿಗಳ ಪಾಡು ನೋಡಿ, ತಾವು ಮಾಡಿದ ಹುಳಿಯಲ್ಲಿ ತಾವೇ ಸಾಯುತ್ತವೆ! ಅದಕ್ಕೇ ಮತ್ತೆ ಮತ್ತೆ ಸುಣ್ಣ ಸುರಿದು ಹುಳಿ ಮುರಿಯಬೇಕು.

"ಹುಳಿ ತಾಳುವಂಥವು ಬೇಕು ರೀ. ಹಳ್ಳಿ ಮನ್ಯಾಗಿನ ಹೆಪ್ಪು ಸಿಕ್ಕರ ನೋಡೋಣ," ಎಂದ ಮೇಲಧಿಕಾರಿ ಸುಧಾಕರ.

ರಾಜೇಶ್ರೀ ತವರಿಗೆ ಓಡಿದಳು. ದುಂಡಮ್ಮ ಸ್ಟೀಲ್ ಡಬ್ಬಿಗೆ ಹೆಪ್ಪು ಹಾಕಿ, ಮೇಲೆ ಕುಂಕುಮ ಹಚ್ಚಿ, ಮಗಳ ಉಡಿಯಲ್ಲಿಟ್ಟಳು.

"ಮಗಳನ್ನ ಗಂಡನ ಮನೀಗಿ ಕಳ್ಸಿದಂಗ ಆತು ನೋಡು. ತವರುಮನಿ ಮರೀಬ್ಯಾಡ್ರಿ ಅಂತ ಹೇಳು ಅವ್ಕ."

"ಅವ್ಕ ಕಿವಿ ಎಲ್ಲಿ ಅವ ಅವ್ವ?" ಎಂದು ರಾಜೇಶ್ರೀ ಬಿದ್ದು ಬಿದ್ದು ನಕ್ಕಳು.

ಲ್ಯಾಬಿನಲ್ಲಿ ಅವುಗಳನ್ನು ಹುಳಿ ಬೆರೆಸಿದ ಕಾಕಂಬಿ ನೀರಿಗೆ ಬಿಟ್ಟರು. ಬದುಕಿ ಉಳಿದವನ್ನು ಇನ್ನೂ ಹೆಚ್ಚಿನ ಹುಳಿಗೆ ದಾಟಿಸುವುದು, ಸೋತವನ್ನು ಕುದಿಸಿ ಚೆಲ್ಲುವುದು, ಎರಡು ವರ್ಷ ಇದೇ ರಾಜೇಶ್ರೀಯ ಕೆಲಸ. ಕಡೆಗೂ ಅವು ಮೊದಲಿನ ಅರ್ಧದಷ್ಟು ಸುಣ್ಣದಲ್ಲೇ ಜೀವ ಹಿಡಿದು ನಿಂತವು. ಸುಧಾಕರ ಪೇಡೆ ಹಂಚಿದ. ಅವ್ವನೇ ಗೆದ್ದಷ್ಟು ಹಿಗ್ಗು ರಾಜೇಶ್ರೀಗೆ.

ಈ ಬೇಸಿಗೆಯಲ್ಲಿ ದುಂಡಮ್ಮ ಎದೆನೋವು ಅಂದವಳು ದವಾಖಾನೆ ಮುಟ್ಟಲಿಲ್ಲ. ಓಣಿಯ ಹೆಂಗಸರು ಪದ್ಧತಿಯಂತೆ ಸತ್ತ ಮನೆಯ ಹಾಲು ಮೊಸರೆಲ್ಲ ಚೆಲ್ಲಿ, ಗಡಿಗೆ ತೊಳೆದು ಬೋರಲು ಹಾಕಿದರು. ಆ ದುಃಖದಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದಾಗ ರಾಜೇಶ್ರೀಯ ಅಣ್ಣ ರೇವಣನ ಹೆಂಡತಿ ಹಣೆ ಬಡಿದುಕೊಂಡಳು.

"ಅಯ್ಯ ಶಿವನೇ, ಅತ್ತಿ ಹೆಪ್ಪೇ ಹೋಯ್ತಲ್ಲ! ಓಣ್ಯಾಗ ಕೇಳೋಣಂದ್ರ ಎಲ್ಲಾರ ಮನ್ಯಾಗೂ ಪಾಕೀಟ್ ಮೊಸರು."

"ಅಳಬ್ಯಾಡ್ರಿ ವೈನಿ. ಅವ್ವನ ಹೆಪ್ಪು ನನ್ನ ಬಲ್ಲಿ ಅದ," ಎಂದಳು ರಾಜೇಶ್ರೀ. ದಿನಕರ್ಮದ ಎಡೆಗೆ ಅವ್ವನದೇ ಮೊಸರು ಇಡಬೇಕೆಂದು ಅವಳಿಗೆ ಹಟ. ಸುಧಾಕರನನ್ನು ಕೇಳಿ ಲ್ಯಾಬಿನಿಂದ ಆ ಹೆಪ್ಪಿನ ಒಂದು ಗಾಜಿನ ನಳಿಗೆ ತಂದಳು. ಹಾಲು ಕಾಸಿ, ಉಗುರುಬೆಚ್ಚಗೆ ಆರಿಸಿ, ಅವ್ವನ ಗಡಿಗೆಯಲ್ಲಿ ಬೆರೆಸಿ, ಅವ್ವನಂತೆಯೇ ಬಟ್ಟೆ ಸುತ್ತಿ ಒಲೆಯ ಮಗ್ಗುಲಿಗಿಟ್ಟಳು.

ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಹಾಲು ಹಾಲಾಗಿಯೇ ಇತ್ತು.

ಅವಳು ಸುಧಾಕರನಿಗೆ ಫೋನ್ ಹಚ್ಚಿದಳು. ಅವನು ಎಲ್ಲ ಕೇಳಿಸಿಕೊಂಡು ಹೇಳಿದ.

"ಎರಡು ವರ್ಷ ಬರೇ ಕಾಕಂಬಿ ಉಣಿಸೀವಲ್ರೀ. ಹಾಲಿನ ಸಕ್ಕರಿ ಅರಗಿಸೋ ಗುಣ ಕಳಕೊಂಡಿರ್ತಾವ. ಅವ್ವಾರು ಕೊಟ್ಟ ಮೊದಲಿನ ಹೆಪ್ಪು ಇಟ್ಟೀರೇನು?"

ಎಲ್ಲಿಟ್ಟಾಳು? ಸೋತದ್ದೆಂದು ಅದನ್ನು ಕುದಿಸಿ ಚೆಲ್ಲಿದವಳು ತಾನೇ.

"ಎಡಿ ಹೊತ್ತಾತು. ಪಾಕೀಟ್ ಮೊಸರೇ ತರ್ಸಲೇನವ್ವ?" ಎಂದು ಅತ್ತಿಗೆ ಮೆಲ್ಲಗೆ ಕೇಳಿದಳು.

ರಾಜೇಶ್ರೀ ಗಡಿಗೆಯನ್ನು ಉಡಿಯಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ತವರುಮನಿ ಮರ್ತ್ವು ನೋಡವ್ವ. ನಾನೇ ಮರಸಿದೆ."