ನಾ ಒಳಗ ಅದೇನಿ

ಕಳೆದ ತಿಂಗಳು ಅಕ್ಕನ ಕಣ್ಣು ತೋರಿಸಲು ಹುಬ್ಬಳ್ಳಿಯ ಒಂದು ದವಾಖಾನೆಗೆ ಹೋಗಿದ್ದೆ. ಅಂದು ಲಿಫ್ಟ್ ಬಿಚ್ಚಿ ಕೆಲಸ ನಡೆಸಿದ್ದರು. ಬಾಗಿಲಿಗೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಪಕ್ಕದ ಗೋಡೆಯ ಸ್ವಿಚ್ ಪೆಟ್ಟಿಗೆಗೆ ಸಣ್ಣದೊಂದು ಬೀಗ ಹಾಕಿ, ಆ ಬೀಗಕ್ಕೆ ದಾರದಿಂದ ರಟ್ಟಿನ ಚೀಟಿ ಕಟ್ಟಿದ್ದರು. ಬಾಲ್‌ಪೆನ್ನಿನಲ್ಲಿ ಬರೆದ ಯಾರದೋ ಹೆಸರು, ಅದರ ಕೆಳಗೆ ವೇಳೆ. ಮೇಲೆಲ್ಲೋ ಕತ್ತಲಲ್ಲಿ ಸುತ್ತಿಗೆಯ ಸದ್ದು. ಅಕ್ಕ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತತೊಡಗಿದಳು. ನಾನು ಆ ಚೀಟಿಯ ಮುಂದೆಯೇ ನಿಂತುಬಿಟ್ಟೆ.

ಧಾರವಾಡದಿಂದ ಆಚೆಗಿನ ಒಂದು ಕಲ್ಲುಗಣಿಯಲ್ಲಿ ನಾನು ಹಾಜರಿ ಪುಸ್ತಕ ನೋಡುವ ಕ್ಲರ್ಕ್ ಆಗಿದ್ದೆ. ಗುಡ್ಡ ಒಡೆದು ತಂದ ಬಂಡೆಗಳನ್ನು ಅರೆದು ರಸ್ತೆಗೆ ಹಾಕುವ ಖಡಿ ಮಾಡುವ ದೊಡ್ಡ ಮಶೀನು ಅಲ್ಲಿತ್ತು. ಅದರ ವಿದ್ಯುತ್ ಕೆಲಸವೆಲ್ಲ ಒಬ್ಬ ಹಿರಿಯರ ಪಾಲಿಗಿತ್ತು. ಎಲ್ಲರೂ ಅವರನ್ನು ವೈರಮನ್ ಕಾಕಾ ಎನ್ನುತ್ತಿದ್ದರು. ನಾನು ಗೋಪನಕೊಪ್ಪದಲ್ಲಿ ಕಂಪನಿ ಬಸ್ಸು ಹತ್ತಿದರೆ ಅವರು ಬೆಂಗೇರಿಯಲ್ಲಿ ಹತ್ತುತ್ತಿದ್ದರು. ಕಡಿಮೆ ಮಾತಿನ ಮನುಷ್ಯ. ನನ್ನ ಟೇಬಲ್ ಫ್ಯಾನು ಕೆಟ್ಟಾಗ ಯಾರೂ ಹೇಳದೆಯೇ ಬಂದು ಸರಿಮಾಡಿ, ಬಿಚ್ಚಿದ ಸ್ಕ್ರೂಗಳನ್ನೆಲ್ಲ ಮತ್ತೆ ಎಣಿಸಿ ಹೋಗಿದ್ದರು.

ಅವರದೊಂದು ಕಟ್ಟಳೆಯಿತ್ತು. ಮಶೀನಿನೊಳಗೆ ಕೈ ಹಾಕುವ ಪ್ರತಿಯೊಬ್ಬನೂ ಮೊದಲು ಮೇನ್ ಸ್ವಿಚ್ ಬಂದ್ ಮಾಡಿ, ಅದರ ಹಿಡಿಕೆಗೆ ತನ್ನದೇ ಬೀಗ ಜಡಿಯಬೇಕು. ಕೀಲಿ ಅವನ ಕಿಸೆಯಲ್ಲೇ ಇರಬೇಕು. ನಾಲ್ವರು ಒಳಗೆ ಹೋದರೆ ನಾಲ್ಕು ಬೀಗ. ಬೀಗಕ್ಕೆ ತೂಗುಹಾಕಲು ಕಂಪನಿ ಕೊಟ್ಟಿದ್ದ ಕೆಂಪು ಚೀಟಿಗಳ ಮೇಲೆ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು. ಯಾರೂ ಅದನ್ನು ಓದುತ್ತಿರಲಿಲ್ಲ. ಕಾಕಾ ಪ್ರತಿ ಚೀಟಿಯ ಹಿಂಬದಿಗೆ ತಮ್ಮ ಗುಂಡು ಅಕ್ಷರದಲ್ಲಿ ಬರೆದಿದ್ದರು: ‘ನಾ ಒಳಗ ಅದೇನಿ. ಚಾಲೂ ಮಾಡಬ್ಯಾಡ್ರಿ.’

ಹೊಸದಾಗಿ ಬಂದ ಫಿಟ್ಟರ್ ಒಬ್ಬ ಒಮ್ಮೆ ನಕ್ಕಿದ್ದ. “ಫ್ಯೂಸ್ ತಗದೇನಲ್ಲ ಕಾಕಾ, ಬೀಗ ಯಾಕ ಬೇಕು?”

“ಫ್ಯೂಸ್ ತಗದಿ. ಮತ್ತ ಅದನ್ನ ಹಾಕವರ ಕೈ ತಗದಿಯೇನು?” ಎಂದರು ಕಾಕಾ.

ಬೀಗ ಹಾಕಿದ ಮೇಲೂ ಅವರು ಸುಮ್ಮನೆ ಒಳಗೆ ಹೋಗುತ್ತಿರಲಿಲ್ಲ. ಚಾಲೂ ಗುಂಡಿಯನ್ನು ಒತ್ತಿ ನೋಡುತ್ತಿದ್ದರು. ಮಶೀನು ಮಿಸುಕದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಕೈಗಡಿಯಾರ, ಬೆಳ್ಳಿಯ ಉಂಗುರ ಎರಡನ್ನೂ ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, “ತಂಗಿ, ನೋಡ್ಕೋ” ಎಂದು ಹೋಗುತ್ತಿದ್ದರು. ಹೊರಬಂದು ಬೀಗ ತೆಗೆದ ಮೇಲೆಯೇ ಅವನ್ನು ಮತ್ತೆ ತೊಡುತ್ತಿದ್ದರು.

ಆ ಎಲ್ಲ ಬೀಗಗಳ ಎರಡನೆಯ ಕೀಲಿಗಳು ನನ್ನ ಕಪಾಟಿನಲ್ಲಿದ್ದವು. ಕೀಲಿ ಕಳೆದುಹೋದರೆ ಅಥವಾ ಯಾರಾದರೂ ಬೀಗ ಮರೆತು ಮನೆಗೆ ಹೋದರೆ ಬೇಕಾಗುತ್ತವೆಂದು ಇಟ್ಟಿದ್ದವು. ಆ ಕಪಾಟು ನನ್ನ ವಶಕ್ಕೆ ಬಂದ ದಿನ ಕಾಕಾ ನನ್ನೆದುರು ಕುಳಿತು ಹೇಳಿದ್ದರು:

“ಇದರಾಗಿನ ಕೀಲಿ ಕೊಡೂಕಿಂತ ಮೊದಲ ಆ ಮನಷ್ಯಾನ್ನ ಕಣ್ಣಿಲೆ ನೋಡಬೇಕು ತಂಗಿ. ಅಂವ ಹೊರಗ ನಿಂತಿರೋದು ನೋಡಬೇಕು. ಯಾರ ಹೇಳಿದ್ರೂ ಕೊಡಬ್ಯಾಡ. ಹಾಜರಿ ಪುಸ್ತಕ ನೋಡಿನೂ ಕೊಡಬ್ಯಾಡ.”

ನಾನು “ಹೂಂ ಕಾಕಾ” ಎಂದಿದ್ದೆ.

ಒಂಬತ್ತು ವರ್ಷದ ಹಿಂದಿನ ಮಾತು. ಆ ದಿನ ಸಂಜೆ ಐದಕ್ಕೆ ಬಸ್ಸು ಹೊರಟಾಗ, ಹತ್ತುವವರನ್ನು ನೋಡಿ ಗುರುತು ಹಾಕಬೇಕಿದ್ದ ನಾನು ಗೇಟಿನ ಬಳಿ ಇರಲಿಲ್ಲ. ತಿಂಗಳ ಕೊನೆಯ ಕಾಗದಗಳು ಮುಗಿದಿರಲಿಲ್ಲವೆಂದು ಹಿಂದೆ ಉಳಿದಿದ್ದೆ. ಬಸ್ಸಿನ ಹಾರ್ನು ಕೇಳಿತು. ಕುಳಿತಲ್ಲಿಂದಲೇ ಹಾಜರಿ ಪುಸ್ತಕ ತೆರೆದು, ದಿನದ ಪಾಳಿಯ ಎಲ್ಲರ ಹೆಸರಿನ ಮುಂದೆ ‘ಹೊರಗೆ’ ಎಂಬ ಗುರುತು ಹಾಕಿದೆ. ಹಾಗೆ ಮಾಡಿದ್ದು ಅದೇ ಮೊದಲೇನೂ ಆಗಿರಲಿಲ್ಲ. ಆದರೆ ಕಾಕಾ ಬಸ್ಸು ಹತ್ತಿರಲಿಲ್ಲ. ಮಶೀನಿನ ಬಾಯಿಗೆ ಕಲ್ಲು ಸಾಗಿಸುವ ಬೆಲ್ಟಿನ ಮೇಲೆ ಒಂದು ವಾಯರು ಸವೆದದ್ದು ಕಂಡು, ನಾಳೆಗೆ ಬಿಡುವುದು ಬೇಡವೆಂದು ಅಲ್ಲೇ ಉಳಿದಿದ್ದರು.

ಅರ್ಧ ತಾಸಿನ ಮೇಲೆ ಮ್ಯಾನೇಜರು ಅವಸರದಲ್ಲಿ ಬಂದರು.

“ಮೇಡಂ, ಕಾಕಾ ಬೀಗ ಹಾಂಗ ಬಿಟ್ಟು ಮನೀಗೆ ಹೋಗ್ಯಾರ. ಹೊರಗ ಲಾರಿ ಸಾಲಾಗಿ ನಿಂತಾವು. ಕಪಾಟಿನ ಕೀಲಿ ಕೊಡ್ರಿ, ಲಗೂ.”

ನಾನು ಪುಸ್ತಕ ನೋಡಿದೆ. ನನ್ನದೇ ಗುರುತು, ಅವರು ಹೊರಗೆ ಹೋಗಿದ್ದಾರೆಂದು ನನಗೇ ಹೇಳುತ್ತಿತ್ತು. ಆದರೂ ಅವರ ಫೋನಿಗೆ ಮಾಡಿದೆ. ಎತ್ತಲಿಲ್ಲ. ಮಶೀನಿನ ಹತ್ತಿರ ಯಾರೂ ಫೋನು ಒಯ್ಯುವಂತಿರಲಿಲ್ಲ. ಅದು ಅವರ ಚೀಲದಲ್ಲಿ, ವಿಶ್ರಾಂತಿ ಕೋಣೆಯಲ್ಲಿ ಬಡಿದುಕೊಳ್ಳುತ್ತಿತ್ತೆಂದು ಆಮೇಲೆ ತಿಳಿಯಿತು.

“ಬಸ್ಸಿನ್ಯಾಗ ಗದ್ದಲ ಇರತೈತ್ರಿ, ಕೇಳಿಸಿರಂಗಿಲ್ಲ” ಎಂದರು ಮ್ಯಾನೇಜರು.

ಕೀಲಿ ಕೊಟ್ಟೆ.

ಅವರು ಹೋದ ಮೇಲೆ ಹರಡಿದ್ದ ಕಾಗದಗಳನ್ನು ಒಟ್ಟು ಮಾಡತೊಡಗಿದೆ. ಕೊನೆಯ ಹಾಳೆ ಎತ್ತಿದಾಗ ಕೆಳಗೆ ಕೈಗಡಿಯಾರ, ಅದರೊಳಗೆ ತೂರಿಸಿಟ್ಟ ಬೆಳ್ಳಿಯ ಉಂಗುರ. ಯಾವಾಗ ಬಂದು ಇಟ್ಟಿದ್ದರೋ… ನಾನು ತಲೆ ಎತ್ತಿರಲಿಲ್ಲ.

ಅದೇ ಹೊತ್ತಿಗೆ ಸೈರನ್ ಕೂಗಿತು. ಸೈರನ್ ಕೂಗಿಸಿ, ಇಪ್ಪತ್ತು ಎಣಿಸಿ ಮಶೀನು ಚಾಲೂ ಮಾಡಬೇಕೆಂಬುದೂ ಕಾಕಾ ಹಾಕಿಕೊಟ್ಟ ರೂಢಿಯೇ. ಚಪ್ಪಲಿ ಬಿಟ್ಟು ಓಡಿದೆ. ಹರಳುಕಲ್ಲಿನ ಮೇಲೆ ಓಡುತ್ತ, ನಿಲ್ಲಿಸ್ರಿ, ನಿಲ್ಲಿಸ್ರಿ ಎಂದು ಕೂಗಿದೆ. ಸೈರನ್ನಿನ ಸದ್ದಿನಲ್ಲಿ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಬೆಲ್ಟಿನ ಮೇಲಿನಿಂದ ಕೆಳಗಿಳಿಯಲು ಕಾಕಾ ಒಂದು ಕಾಲು ಇಳಿಬಿಟ್ಟದ್ದು ದೂರದಿಂದ ಕಂಡಿತು. ಆಗ ಬೆಲ್ಟು ಓಡಿತು.

ಸಂಜೆ ಪಾಳಿಯ ಆಪರೇಟರ್ ತಕ್ಷಣ ನಿಲ್ಲಿಸಿದ. ಜೀವ ಉಳಿಯಿತು. ರೋಲರಿಗೆ ಸಿಕ್ಕ ಬಲಗಾಲು ಮೊಣಕಾಲಿನವರೆಗೆ ಹೋಯಿತು. ಪ್ಯಾಂಟಿನ ಆ ಬದಿಯೆಲ್ಲ ಹರಿದು ಮಶೀನಿನೊಳಗೆ ಹೋಗಿತ್ತು. ಅದರ ಕಿಸೆಯಲ್ಲಿದ್ದ ಕೀಲಿಯೂ.

ಮರುದಿನ ಮ್ಯಾನೇಜರು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. “ಕೀಲಿ ನೀವು ಕೊಟ್ಟಿಲ್ಲ, ನಾ ಇಸಗೊಂಡಿಲ್ಲ. ಕಾಕಾನ ಕೀಲಿ ಬೀಗದಾಗ ಇತ್ತು. ಕೆಲಸ ಮುಗದೈತಿ ಅಂತ ತಿಳಕೊಂಡು ತಗದ್ವಿ. ಇಲ್ಲಂದ್ರ ಪೊಲೀಸ್ ಕೇಸು, ನನ್ನ ಮ್ಯಾಲೂ ನಿಮ್ಮ ಮ್ಯಾಲೂ.” ಎರಡನೆಯ ಕೀಲಿ ಅಷ್ಟರಲ್ಲಿ ಕಪಾಟಿನ ಕೊಂಡಿಗೆ ಮರಳಿತ್ತು. ಹಾಜರಿ ಪುಸ್ತಕದಲ್ಲಿ ಕಾಕಾ ಹೆಸರಿನ ಮುಂದಿನ ಗುರುತನ್ನು ನಾನೇ ಬ್ಲೇಡಿನಿಂದ ಕೆರೆದೆ. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ, ಕಪಾಟಿನಿಂದ ಕೀಲಿ ಹೊರಗೆ ಹೋಗಿಲ್ಲವೆಂದು ಬರೆದು ಸಹಿ ಮಾಡಿದೆ. ಹೆದರಿದ್ದೆ. ಆ ಹೆದರಿಕೆಗೆ ಈಗ ಕಾರಣ ಜೋಡಿಸಿ ಹೇಳುವುದು ಬೇಡ.

ಎರಡು ವಾರ ಬಿಟ್ಟು, ಸತ್ತೂರಿನ ಆಸ್ಪತ್ರೆಗೆ ಗಡಿಯಾರ, ಉಂಗುರ ಕೊಡಲು ಹೋದೆ. ಕಾಕಾ ದಿಂಬಿಗೆ ಒರಗಿದ್ದರು. ನನ್ನನ್ನು ನೋಡಿ ಮುಖ ಅರಳಿತು. ಊಟ ಆಯಿತೇ ಎಂದು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿದರು.

“ತಂಗಿ, ಒಂದ ಮಾತು. ಕಪಾಟಿನಾಗಿನ ಕೀಲಿ ಕೊಟ್ಟಿದ್ದೇನು?”

ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲೋ ತಪ್ಪಿದ ತಂತಿಯನ್ನು ಹುಡುಕುವವರಂತೆ ಕೇಳಿದ್ದರು.

“ಇಲ್ಲ ಕಾಕಾ” ಎಂದೆ.

ಅವರ ಕೈ ಹೊದಿಕೆಯ ಮೇಲೆ ಬಲತೊಡೆಯ ಹತ್ತಿರ ಹೋಯಿತು. “ಕಿಸೆ ಮುಟ್ಟಿ ನೋಡಿಕೊಂಡಂಗ ನೆನಪೈತಿ…” ಎಂದರು. ಆಮೇಲೆ, “ಹಂಗಾದ್ರ ನಾನ ಬೀಗದಾಗ ಬಿಟ್ಟಿರಬೇಕು. ನೀ ಯಾಕ ಸುಳ್ಳ ಹೇಳ್ತಿ?”

ಆ ಮಾತು ಕೇಳಿಸಿಕೊಂಡು ಎದ್ದು ಬಂದೆ. ಆರು ತಿಂಗಳಲ್ಲಿ ಕೆಲಸ ಬಿಟ್ಟೆ. ಆದರೂ ಕಾಕಾ ನನ್ನನ್ನು ಬಿಡಲಿಲ್ಲ. ಗ್ಯಾಸು ಬಂದ್ ಮಾಡುವಾಗ, ಮನೆಯ ಬಾಗಿಲಿಗೆ ಬೀಗ ಹಾಕುವಾಗ, ಬೆನ್ನ ಹಿಂದೆ ಯಾರೋ ಮೆಲ್ಲಗೆ ಕೇಳಿದಂತಾಗುತ್ತಿತ್ತು: ಕೊಟ್ಟಿದ್ದೇನು?

ನಡುವೆ ಒಮ್ಮೆ ಮಾತ್ರ ಅವರನ್ನು ಕಂಡೆ. ಆಟೋದಲ್ಲಿ ಬೆಂಗೇರಿ ದಾಟುತ್ತಿದ್ದೆ. ಮುಂದೆ ಟ್ರ್ಯಾಕ್ಟರ್ ಅಡ್ಡ ನಿಂತು ದಾರಿ ಕಟ್ಟಿತ್ತು. ರಸ್ತೆಯಾಚೆಯ ಒಂದು ಮನೆಯ ಮುಂದೆ ಕಾಕಾ ಕಂಕುಳಲ್ಲಿ ಕೋಲು ಇಟ್ಟುಕೊಂಡು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಬೀಗ ಜಗ್ಗಿ ನೋಡಿದರು. ನಾಲ್ಕು ಹೆಜ್ಜೆ ನಡೆದು ನಿಂತರು. ತಿರುಗಿ ಹೋಗಿ ಮತ್ತೆ ಜಗ್ಗಿದರು. ಕಿಸೆ ಮುಟ್ಟಿ ನೋಡಿಕೊಂಡರು. ಕೀಲಿಯನ್ನು ಹೊರಗೆ ತೆಗೆದು ಕಣ್ಣ ಹತ್ತಿರ ಹಿಡಿದು ನೋಡಿ, ಮತ್ತೆ ಒಳಗಿಟ್ಟು, ಮತ್ತೆ ನಡೆದು, ಮತ್ತೆ ತಿರುಗಿದರು. ನಾನು ನೋಡುತ್ತಿದ್ದಂತೆಯೇ ಐದು ಸಲ. ಗಣಿಯಲ್ಲಿ ಒಮ್ಮೆ ಪರೀಕ್ಷಿಸಿದ್ದನ್ನು ಎರಡನೆಯ ಸಲ ಮುಟ್ಟದ ಕೈ ಅದು. ಅವರ ಕಾಲು ತೆಗೆದದ್ದು ಮಶೀನು. ಆ ಕೈಯ ಮೇಲಿನ ಭರವಸೆ ತೆಗೆದವಳು ನಾನು. ಇಳಿದು ಹೋಗಿ ಹೇಳಬಹುದಿತ್ತು. ಆಟೋ ಮುಂದೆ ಹೋಯಿತು; ನಾನೂ ಹೋದೆ…

ದವಾಖಾನೆಯಲ್ಲಿ ಆ ಚೀಟಿ ಕಂಡ ಮರುದಿನ ಬೆಂಗೇರಿಗೆ ಹೋದೆ. ಅದೇ ಮನೆ. ಮುಂದಿನ ಕೋಣೆಯಲ್ಲಿ ಕಾಕಾರ ಮಗ ಮಿಕ್ಸರ್, ಫ್ಯಾನು ರಿಪೇರಿಯ ಅಂಗಡಿ ಇಟ್ಟಿದ್ದ. ಒಳಗೆ ಹೋದರೆ ಕಾಕಾರ ಹೆಂಡತಿ ಒಬ್ಬರೇ ಕುಳಿತಿದ್ದರು. ಗಣಿಯಲ್ಲಿ ಕ್ಲರ್ಕ್ ಆಗಿದ್ದೆನೆಂದು ಹೇಳಿ, ಕಾಕಾರನ್ನು ಕೇಳಿದೆ.

“ಅವರು ಹೋಗಿ ವರ್ಷ ಆತ್ರಿ” ಎಂದರು. “ನಿಮ್ಮನ್ನ ನೆನಸ್ತಿದ್ರು. ತಂಗಿ ಬಂದಿದ್ಲು ದವಾಖಾನಿಗೆ ಅಂತಿದ್ರು.”

ಕುಳಿತುಕೊಳ್ಳಲು ಹೇಳಿದರು. ನಾನು ನಿಂತೇ ಎಲ್ಲ ಹೇಳಿದೆ. ಹಾಜರಿ ಪುಸ್ತಕದ ಗುರುತು, ಕಪಾಟಿನ ಕೀಲಿ, ಸಹಿ ಮಾಡಿದ ಕಾಗದ, ಆಸ್ಪತ್ರೆಯಲ್ಲಿ ಅವರಿಗೆ ಹೇಳಿದ ಸುಳ್ಳು. ಆ ತಾಯಿ ನನ್ನನ್ನು ಬೈಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದರು. ಮುಗಿದ ಮೇಲೆ ಮಗನನ್ನು ಕರೆದರು.

“ಇನ್ನೊಮ್ಮೆ ಹೇಳ್ರಿ. ಅವಗೂ ಗೊತ್ತಾಗಲಿ.”

ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟವಾಯಿತು. ಅವನು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಬಾಗಿಲಲ್ಲೇ ನಿಂತು ಕೇಳಿದ.

“ಕೀಲಿ ಅಬ್ಬಾನ ಕಿಸೆದಾಗ ಇತ್ತೇನ್ರಿ? ಖರೇನ?”

“ಖರೇನಪಾ.”

ಅವನು ಅಂಗಡಿಯ ಕಡೆ ತಿರುಗಿದ. ಅಲ್ಲಿ ಕೆಲಸದ ಮೇಜಿನ ಪಕ್ಕ ಒಂದು ಸ್ಟೂಲು ಖಾಲಿ ಇತ್ತು.

“ಎಂಟ ವರ್ಷ ಅಲ್ಲೇ ಕುಂತಿದ್ರು” ಎಂದ. “ಒಂದ ಪ್ಲಗ್ ಮುಟ್ಟಾಕ ಕೊಡಲಿಲ್ಲರಿ ನಾ. ನೀವು ಮರೀತೀರಿ, ಯಾರರೆ ಸತ್ತಗಿತ್ತಾರು ಅಂತಿದ್ದೆ. ಅಬ್ಬಾ ‘ಹೌದಪಾ’ ಅಂತ ಕೈ ಹಿಂದಕ್ಕ ತಗೋತಿದ್ರು…”

ಅಂಗಡಿಯೊಳಗೆ ಹೋಗಿ ಶಟರ್ ಅರ್ಧ ಎಳೆದುಕೊಂಡ.

ಗಣಿಯ ವಿಚಾರಣೆ ನಡೆಸಿದ ಕಚೇರಿಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದ್ದೇನೆ. ಅಲ್ಲಿಂದ ಇನ್ನೂ ಉತ್ತರ ಬಂದಿಲ್ಲ. ಬಂದರೂ ಅದನ್ನು ಯಾರಿಗೆ ಓದಿ ಹೇಳಬೇಕಿತ್ತೋ ಅವರು ಇಲ್ಲ.

ಅಂದು ಕಾಕಾರ ಹೆಂಡತಿ ಓಣಿಯ ತಿರುವಿನವರೆಗೆ ನನ್ನ ಜೊತೆ ಬಂದರು. ಅಲ್ಲಿ ನಿಂತು ನನ್ನ ಮುಂಗೈ ಹಿಡಿದುಕೊಂಡರು. “ಹೇಳಿದ್ದು ಛಲೋ ಆತು” ಎಂದರು. “ಆದ್ರ ಇನ್ನ ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಮಗಗ ತಾ ಅಬ್ಬಾಗ ಆಡಿದ ಮಾತು ನೆನಪಾಗ್ತಾವು.”

ನಾನು ಮತ್ತೆ ಹೋಗಿಲ್ಲ.